ಒಂಬತ್ತನೇ ನಂಬರಿನವನಿಗೂ ಬ್ಯಾಟ್ ಬರಲಿ

ಕ್ರಿಕೆಟ್ ನೋಡಿ ಬೆಳೆದ ನಮಗೆ ಬ್ಯಾಟಿಂಗ್ ಆರ್ಡರ್ ಅಂದ್ರೆ ಕ್ಯಾಪ್ಟನ್ ಮನಸ್ಸಿಗೆ ಬಂದಿದ್ದು. 2001ರ ಕೋಲ್ಕತ್ತಾ ಟೆಸ್ಟ್ ನೆನಪಿಸಿಕೊಳ್ಳಿ. ಮೊದಲ ಇನ್ನಿಂಗ್ಸಿನಲ್ಲಿ ಆರನೆಯವರಾಗಿ ಬಂದಿದ್ದ ಲಕ್ಷ್ಮಣ್ ಫಾಲೋ ಆನ್ ಆದಮೇಲೆ ಮೂರಕ್ಕೆ ಹೋದರು, ಮೂರರಲ್ಲಿದ್ದ ನಮ್ಮ ದ್ರಾವಿಡ್ ಆರಕ್ಕೆ ಇಳಿದರು. 281 ಮತ್ತು 180. ಜೊತೆಯಾಟ 376. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಯುವರಾಜ್‌ಗಿಂತ ಮೊದಲು ಬಂದು ಔಟಾಗದೆ 91 ಹೊಡೆದಿದ್ದಂತೂ ಎಲ್ಲರಿಗೂ ಗೊತ್ತು. ಇದೇ ಅದಲು ಬದಲನ್ನು ಬೇಸ್‌ಬಾಲಿನಲ್ಲೋ ಸಾಫ್ಟ್‌ಬಾಲಿನಲ್ಲೋ ಮಾಡಿದ್ದರೆ ಎದುರು ತಂಡದವರು ಅಂಪೈರ್‌ಗೆ ಒಂದು ಮಾತು ಹೇಳಿದರೂ ಸಾಕಿತ್ತು, ಔಟ್ ಕೊಡ್ತಿದ್ರು.

ಅಲ್ಲಿ ಆಟ ಶುರುವಾಗೋ ಮೊದಲೇ ಒಂಬತ್ತು ಹೆಸರು ಬರೆದ ಚೀಟಿ ಅಂಪೈರ್ ಕೈಗೆ ಹೋಗಬೇಕು. ಆಮೇಲೆ ಆ ಸಾಲು ಬದಲಾಗಲ್ಲ. ಮೂರು ಔಟ್ ಆದರೆ ಇನ್ನಿಂಗ್ಸ್ ಮುಗೀತು, ಆದರೆ ಮುಂದಿನ ಇನ್ನಿಂಗ್ಸ್ ಮತ್ತೆ ಒಂದನೆಯವನಿಂದ ಶುರುವಾಗಲ್ಲ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಹೇಳೋದಾದರೆ ಪಕ್ಕಾ ಸರ್ಕ್ಯುಲರ್ ಕ್ಯೂ. ಒಂಬತ್ತು ಇನ್ನಿಂಗ್ಸ್ ಪೂರ್ತಿ ಆಡಿದ ತಂಡಕ್ಕೆ 27 ಔಟ್, ಅಂದರೆ ಎಷ್ಟೇ ಕೆಟ್ಟದಾಗಿ ಆಡಿದರೂ ಪ್ರತಿ ನಂಬರಿಗೂ ಮೂರು ಸಲ ಸರದಿ ಬಂದೇ ಬರುತ್ತೆ. ಸಾಫ್ಟ್‌ಬಾಲಿನಲ್ಲಿ ಏಳು ಇನ್ನಿಂಗ್ಸ್, ಅಲ್ಲಿ ಕನಿಷ್ಠ ಎರಡು ಸಲ.

ಯಾರಾದರೂ ಸರದಿ ತಪ್ಪಿಸಿದರೆ? ಮಜಾ ಇರೋದೇ ಇಲ್ಲಿ. ನಾಲ್ಕನೆಯವನು ಬರಬೇಕಿತ್ತು, ಐದನೆಯವನು ಬಂದು ಹೊಡೆದು ಎರಡನೇ ಬೇಸ್ ತಲುಪಿದ ಅಂತಿಟ್ಟುಕೊಳ್ಳಿ. ಮುಂದಿನ ಪಿಚ್ ಬೀಳೋ ಮೊದಲು ಎದುರಾಳಿ ಅಪೀಲ್ ಮಾಡಿದರೆ ಔಟಾಗೋದು ಐದನೆಯವನಲ್ಲ, ಸುಮ್ಮನೆ ಕೂತಿದ್ದ ನಾಲ್ಕನೆಯವನು! ಐದನೆಯವನ ಹೊಡೆತ ರದ್ದು, ಅದರಿಂದ ಮುಂದೆ ಓಡಿದವರೂ ವಾಪಸ್. ಈಗ ಬ್ಯಾಟ್ ಮಾಡಬೇಕಾದವನು ನಾಲ್ಕರ ನಂತರದವನು, ಅಂದರೆ ಅದೇ ಐದನೆಯವನು, ಮತ್ತೊಮ್ಮೆ. ಅಪೀಲ್ ಮಾಡದೆ ಮುಂದಿನ ಪಿಚ್ ಹಾಕಿಬಿಟ್ಟರೆ ಮುಗೀತು, ಆ ಹೊಡೆತ ಸಕ್ರಮ. ಸಾಲು ಆರನೆಯವನಿಗೆ ಹೋಗುತ್ತೆ, ನಾಲ್ಕನೆಯವನು ಒಂದು ಸರದಿ ಕಳ್ಕೊಂಡ ಅಷ್ಟೇ. ಅವನು ಬ್ಯಾಟ್ ಮಾಡ್ತಿರುವಾಗಲೇ ಗೊತ್ತಾದರೆ ಸರಿಯಾದವನು ಓಡಿ ಬಂದು ನಿಲ್ಲಬಹುದು, ಆದರೆ ಆಗಲೇ ಎರಡು ಸ್ಟ್ರೈಕ್ ಬಿದ್ದಿದ್ದರೆ ಆ ಎರಡೂ ಅವನ ತಲೆಗೆ.

ಇಷ್ಟೆಲ್ಲ ನಡೆಯುವಾಗ ಅಂಪೈರ್ ಬಾಯಿ ಬಿಡೋ ಹಾಗಿಲ್ಲ. ಚೀಟಿ ಅವನ ಜೇಬಲ್ಲೇ ಇದ್ದರೂ! ಇದೇನು ಅನ್ಯಾಯ ಅಂತ ನಮ್ಮಲ್ಲೇ ಕೆಲವರು ವಾದ ಮಾಡಿದರು. ನಮಗೆ ಹಾಗನ್ನಿಸಲ್ಲ. ಎದುರಾಳಿಯ ಸಾಲನ್ನು ಗಮನಿಸೋದೂ ಆಟದ ಭಾಗವೇ. ಫೀಲ್ಡಿಂಗ್ ಮಾಡುವಾಗ ಮೋಡ ನೋಡ್ತಾ ನಿಂತವರಿಗೆ ಪೊಲೀಸ್ ಕೆಲಸ ಮಾಡಿಕೊಡೋಕೆ ಅಂಪೈರ್ ಯಾಕೆ ಬೇಕು?

ಈ ನಿಯಮದ ಬಗ್ಗೆ ನಮಗೆ ಇಷ್ಟು ಪ್ರೀತಿ ಯಾಕೆ ಅಂದ್ರೆ, ಇಲ್ಲಿ ದುರ್ಬಲ ಬ್ಯಾಟರ್‌ನನ್ನು ಬಚ್ಚಿಡೋಕೆ ಜಾಗ ಇಲ್ಲ. ಪಂದ್ಯದ ಕೊನೇ ಗಳಿಗೆ, ಗೆಲ್ಲೋಕೆ ಒಂದು ರನ್ ಬೇಕು, ಸರದಿ ಒಂಬತ್ತನೆಯವನದ್ದು ಅಂದರೆ ಅವನೇ ಹೋಗಬೇಕು. ಬದಲಿ ಆಟಗಾರನನ್ನು ಕಳಿಸಬಹುದು ನಿಜ, ಆದರೆ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಹೊರಗೆ ಹೋದವನು ಆ ದಿನ ಮತ್ತೆ ಒಳಗೆ ಬರುವಂತಿಲ್ಲ. ಸಾಫ್ಟ್‌ಬಾಲ್ ಸ್ವಲ್ಪ ಉದಾರಿ, ಶುರುವಿನಲ್ಲಿ ಆಡಿದವರು ಒಂದು ಸಲ ಮರಳಿ ಬರಬಹುದು, ತಮ್ಮ ಹಳೇ ನಂಬರಿಗೇ.

ಪಿಚರ್‌ಗಳಿಗೆ ವಿನಾಯಿತಿ ಕೊಟ್ಟಿದ್ದು ಮಾತ್ರ ನಮಗೆ ಅಷ್ಟಾಗಿ ಹಿಡಿಸಿಲ್ಲ. ಅವರ ಬದಲು ಬೇರೊಬ್ಬ ಬ್ಯಾಟ್ ಮಾಡೋ ಪದ್ಧತಿಯನ್ನು ಅಮೆರಿಕನ್ ಲೀಗ್ 1973ರಲ್ಲಿ ತಂತು, ನ್ಯಾಷನಲ್ ಲೀಗ್ ಹಟ ಹಿಡಿದು ಕೊನೆಗೆ 2022ರಲ್ಲಿ ಕಾಯಂ ಆಗಿ ಒಪ್ಕೊಳ್ತು. ಆದರೆ 2009ರ ಮೇ ತಿಂಗಳಲ್ಲಿ ಟ್ಯಾಂಪಾ ಬೇ ರೇಸ್ ತಂಡದ ಮ್ಯಾನೇಜರ್ ಜೋ ಮ್ಯಾಡನ್ ಚೀಟಿಯಲ್ಲಿ ಇಬ್ಬರನ್ನು ಮೂರನೇ ಬೇಸ್‌ಗೆ ಬರೆದುಬಿಟ್ಟರು. ಕ್ಲೀವ್‌ಲ್ಯಾಂಡ್ ತಂಡ ಅದನ್ನು ಹಿಡೀತು. ಇವಾನ್ ಲಾಂಗೋರಿಯಾ ಆಟದಿಂದ ಹೊರಗೆ, ಅವನ ಮೂರನೇ ನಂಬರಿನಲ್ಲಿ ಪಿಚರ್ ಆಂಡಿ ಸೊನ್ನನ್‌ಸ್ಟೈನ್ ಬ್ಯಾಟ್ ಹಿಡಿಯಬೇಕಾಯ್ತು. ಆತ ಡಬಲ್ ಹೊಡೆದು ಒಂದು ರನ್ನನ್ನೂ ತಂದ, ತಂಡ 7-5ರಿಂದ ಗೆದ್ದಿತು. ಬ್ಯಾಟ್ ಕೈಗೆ ಬರದಿದ್ದರೆ ಆತ ಹೊಡೀತಾನೆ ಅಂತ ಆ ದಿನ ಯಾರಿಗೆ ಗೊತ್ತಾಗ್ತಿತ್ತು?

ಈಗ ನಮ್ಮ ಹಾಸ್ಟೆಲ್ ಗ್ರೌಂಡಿಗೆ ಬನ್ನಿ. ಸಂಜೆ ಐದೂವರೆಗೆ ಶುರು, ಆರೂ ಮುಕ್ಕಾಲಿಗೆ ಕತ್ತಲೆ. ಫೈನಲ್ ಇಯರ್‌ನವರು ಓಪನಿಂಗ್, ಥರ್ಡ್ ಇಯರ್‌ನವರು ಒನ್ ಡೌನ್. ಫಸ್ಟ್ ಇಯರ್‌ನವರು ಚರಂಡಿ ಪಕ್ಕ ಫೀಲ್ಡಿಂಗ್, ಬಾಲ್ ಒಳಗೆ ಬಿದ್ದರೆ ಎತ್ತೋದೂ ಅವರೇ. ಬೆಳಕು ಹೋಯ್ತು ಅಂತ ಆಟ ನಿಲ್ಲುತ್ತೆ. ಮಾರನೇ ದಿನ ಮತ್ತೆ ಅದೇ ಓಪನರ್‌ಗಳು. ವಾರಗಟ್ಟಲೆ ಬ್ಯಾಟ್ ಮುಟ್ಟದ ಹುಡುಗರು ನಮ್ಮ ಮಧ್ಯೆ ಇದ್ದಾರೆ. ಕೆಲವರು ಬರೋದನ್ನೇ ಬಿಟ್ಟು ರೂಮಲ್ಲಿ ಫೋನ್ ಹಿಡಿದು ಕೂತಿದ್ದಾರೆ, ಆಮೇಲೆ ಜೂನಿಯರ್‌ಗಳಿಗೆ ಆಟದ ಹುಚ್ಚೇ ಇಲ್ಲ ಅಂತ ದೂರೋದೂ ನಾವೇ.

ಇಂಟರ್ ಕಾಲೇಜ್ ಪಂದ್ಯಕ್ಕೆ ಈ ನಿಯಮ ತನ್ನಿ ಅಂತ ನಾವು ಹೇಳ್ತಿಲ್ಲ. ಅಲ್ಲಿ ಕ್ರಿಕೆಟ್ ಕ್ರಿಕೆಟ್ಟೇ ಆಗಿರಲಿ, ಕ್ಯಾಪ್ಟನ್ ಲೆಕ್ಕಾಚಾರ ಇಲ್ಲದಿದ್ದರೆ ಕೋಲ್ಕತ್ತಾನೂ ಆಗ್ತಿರಲಿಲ್ಲ. ಆದರೆ ಸಂಜೆ ಆಟಕ್ಕೆ ಒಂದು ಹಾಳೆ ಸಾಕು. ತಿಂಗಳ ಮೊದಲನೇ ದಿನ ಬಂದವರ ಹೆಸರನ್ನೆಲ್ಲ ಚೀಟಿ ಎತ್ತಿ ಸಾಲಾಗಿ ಬರೆಯೋಣ, ಹೊಸಬರು ಬಂದರೆ ಕೊನೆಗೆ ಸೇರಿಸೋಣ. ಕತ್ತಲಾದಾಗ ಯಾರ ಹೆಸರಿನ ಹತ್ತಿರ ನಿಂತಿತೋ ಮಾರನೇ ದಿನ ಅಲ್ಲಿಂದಲೇ ಶುರು. ಸೀನಿಯರ್ ಒಬ್ಬ ಮಧ್ಯೆ ನುಗ್ಗಿದರೆ ಮುಂದಿನ ಬಾಲ್ ಹಾಕೋ ಮೊದಲು ಯಾರು ಬೇಕಾದರೂ ಅಪೀಲ್ ಮಾಡಬಹುದು, ಫಸ್ಟ್ ಇಯರ್‌ನವರೂ ಸೇರಿ. ಹಾಳೆ ಇರಬೇಕಾದ್ದು ಮೆಸ್ ಬಾಗಿಲಲ್ಲಿ, ಯಾವ ಸೀನಿಯರ್ ಜೇಬಲ್ಲೂ ಅಲ್ಲ.