ಜೊತೆಯಾಗಿ ಆಡುವುದಕ್ಕೂ ಬಾಡಿಗೆಯೇ?

ಈದ್ ಮುಗಿದ ವಾರ ನಮ್ಮ ತರಗತಿಯಲ್ಲಿ ಈದಿ ಹಣದ ಲೆಕ್ಕ ಜೋರಾಗಿ ನಡೆಯುತ್ತದೆ. ಯಾರಿಗೆ ಎಷ್ಟು ಬಂತು, ಅದರಲ್ಲಿ ಏನು ಕೊಂಡರು ಎಂಬುದೇ ಮಾತು. ಬಟ್ಟೆ, ವಾಚ್, ಇಯರ್‌ಫೋನ್ ಇರುತ್ತಿದ್ದ ಆ ಪಟ್ಟಿಗೆ ಈಗ ಇನ್ನೊಂದು ಸೇರಿದೆ: ಪ್ಲೇಸ್ಟೇಷನ್ ಪ್ಲಸ್ ಚಂದಾ. ಮನೆಯಲ್ಲಿ ಪ್ಲೇಸ್ಟೇಷನ್ ಇರುವವರು ನಮ್ಮಲ್ಲಿ ಕಡಿಮೆ, ಇರುವವರ ಯಂತ್ರವೂ ಹೆಚ್ಚಾಗಿ ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್. ಆದರೂ ಈ ಚಂದಾ ಬಗ್ಗೆ ಬರೆಯಬೇಕು ಅನ್ನಿಸಿತು.

ಲೆಕ್ಕ ನೋಡಿ. ಯಂತ್ರಕ್ಕೆ ಹಣ ಕೊಟ್ಟೆವು. ಆಟದ ಡಿಸ್ಕಿಗೆ ಬೇರೆ ಕೊಟ್ಟೆವು. ಇಂಟರ್ನೆಟ್‌ಗೆ ತಿಂಗಳು ತಿಂಗಳು ಕೊಡುತ್ತಲೇ ಇದ್ದೇವೆ. ಒಬ್ಬರೇ ಕೂತು ಫುಟ್‌ಬಾಲ್ ಆಟ ಆಡಲು ಇಷ್ಟು ಸಾಕು. ಆದರೆ ಶಿಡ್ಲಘಟ್ಟದ ನಾನು ಚಿಂತಾಮಣಿಯಲ್ಲಿರುವ ಖಾಲಾ ಮಗಳ ಜೊತೆ ಅದೇ ಆಟ ಆಡಬೇಕಾದರೆ ನಾಲ್ಕನೇ ಸಲ ಹಣ ಕಟ್ಟಬೇಕು. ನಾನೊಬ್ಬಳು ಕಟ್ಟಿದರೆ ಸಾಲದು, ಅವಳೂ ಕಟ್ಟಬೇಕು.

ಇದು ಮೊದಲಿನಿಂದ ಹೀಗೇ ಇರಲಿಲ್ಲ. 2002ರಲ್ಲಿ ಶುರುವಾದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಲೈವ್‌ಗೆ ಆಗಲೇ ಚಂದಾ ಇತ್ತು ನಿಜ. ಆದರೆ ಸೋನಿಯ ಪ್ಲೇಸ್ಟೇಷನ್ 3ರಲ್ಲಿ ಆನ್‌ಲೈನ್ ಆಟ ಉಚಿತವಾಗಿತ್ತು. 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ಚಂದಾ ಕಡ್ಡಾಯವಾಯಿತು. 2018ರ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊ ಕೂಡ ಅದೇ ದಾರಿ ಹಿಡಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಸೋನಿ ವರ್ಷದ ಚಂದಾವನ್ನು ಏರಿಸಿತು. ಅಮೆರಿಕದಲ್ಲಿ ಕನಿಷ್ಠ ದರ್ಜೆಯ ಚಂದಾ 59.99 ಡಾಲರ್ ಇದ್ದದ್ದು 79.99 ಆಯಿತು. ಉಚಿತವಾಗಿದ್ದದ್ದು ಹತ್ತು ವರ್ಷದಲ್ಲಿ ಎಲ್ಲಿಗೆ ಬಂತು ನೋಡಿ.

ಕಂಪನಿಗಳ ಮಾತನ್ನೂ ಕೇಳೋಣ. ಸರ್ವರ್ ನಡೆಸಲು, ಕಳ್ಳರಿಂದ ಖಾತೆಗಳನ್ನು ಕಾಯಲು ಖರ್ಚಾಗುತ್ತದೆ. 2011ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ ಜಾಲಕ್ಕೆ ಹ್ಯಾಕರ್‌ಗಳು ನುಗ್ಗಿ ಸುಮಾರು 7 ಕೋಟಿ 70 ಲಕ್ಷ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತ್ತು. ಕಾವಲಿಗೆ ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ಕಂಪ್ಯೂಟರಿನಲ್ಲಿ ಸ್ಟೀಮ್ ಮೂಲಕ ಆನ್‌ಲೈನ್ ಆಡುವವರು ಇಂಥ ಚಂದಾ ಕಟ್ಟುವುದಿಲ್ಲ. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಪ್ಲೇಸ್ಟೇಷನ್‌ನಲ್ಲೇ ಚಂದಾ ಬೇಡ. ಹಾಗಾದರೆ ಹಣ ಕೊಟ್ಟು ಆಟ ಕೊಂಡವರ ಬಳಿಯೇ ಮತ್ತೆ ಹಣ ಕೇಳುವುದು ಯಾವ ನ್ಯಾಯ?

ನಮ್ಮ ಅಬ್ಬಾ ರೀಲರ್. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡಾಗ ಶುಲ್ಕ ಕಟ್ಟುತ್ತಾರೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಗೊಣಗಿದ್ದು ನಾನು ಕೇಳಿಲ್ಲ. ಏಕೆಂದರೆ ಅಲ್ಲಿ ಹರಾಜು ನಡೆಯುತ್ತದೆ, ತೂಕ ಆಗುತ್ತದೆ, ಲೆಕ್ಕ ಸಿಗುತ್ತದೆ. ಗೂಡು ಕೊಳ್ಳದ ದಿನ ಶುಲ್ಕವೂ ಇಲ್ಲ. ಆಟದ ಚಂದಾ ಹಾಗಲ್ಲ. ಪರೀಕ್ಷೆ ಅಂತ ಎರಡು ತಿಂಗಳು ಕಂಟ್ರೋಲರ್ ಮುಟ್ಟದಿದ್ದರೂ ವರ್ಷದ ಚಂದಾ ಓಡುತ್ತಲೇ ಇರುತ್ತದೆ. ಜೊತೆಗೆ ತಿಂಗಳಿಗಿಷ್ಟು ಆಟ ಕೊಡುತ್ತಾರಲ್ಲ ಅನ್ನುವವರಿದ್ದಾರೆ. ಚಂದಾ ನಿಂತ ದಿನ ಆ ಆಟಗಳೂ ಬಾಗಿಲು ಹಾಕಿಕೊಳ್ಳುತ್ತವೆ. ಕಾಮರ್ಸ್ ಓದುವ ನಮಗೆ ಗೊತ್ತಿರುವ ಪಾಠ ಇದು: ಬಾಡಿಗೆ ಎಷ್ಟು ವರ್ಷ ಕಟ್ಟಿದರೂ ಮನೆ ನಮ್ಮದಾಗುವುದಿಲ್ಲ.

ಇದರಲ್ಲಿ ಸೋಲುವವರು ಯಾರು? ಹುಡುಗರಿಗೆ ಚಂದಾ ಇಲ್ಲದಿದ್ದರೆ ಸಂಜೆ ಮೈದಾನವಿದೆ. ನಾವು ನಾಲ್ವರು ಹುಡುಗಿಯರು ಎಸ್ಸೆಸ್ಸೆಲ್ಸಿ ಆದ ಮೇಲೆ ಒಬ್ಬೊಬ್ಬರು ಒಂದೊಂದು ಊರಿಗೆ ಹೋದೆವು: ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ. ಮಗ್ರಿಬ್ ಆದ ಮೇಲೆ ಅಣ್ಣ ತಮ್ಮಂದಿರು ಬಿಟ್ಟುಕೊಟ್ಟ ಒಂದು ಗಂಟೆ ನಮ್ಮ ಮೈದಾನ. ಆಡುವುದಕ್ಕಿಂತ ಹೆಚ್ಚಾಗಿ ಹೆಡ್‌ಸೆಟ್‌ನಲ್ಲಿ ಮಾತಾಡಿ ನಗುತ್ತಿದ್ದೆವು. ಗೌರಿಬಿದನೂರಿನವಳ ಮನೆಯಲ್ಲಿ ಈ ವರ್ಷ ಚಂದಾ ಕಟ್ಟಲಿಲ್ಲ. ಮನೆ ಖರ್ಚು ಬಿಗಿಯಾದಾಗ ಮೊದಲು ಹೋಗುವುದು ಹೆಣ್ಣುಮಕ್ಕಳ ಆಟವೇ. ಅವಳ ಬಳಿ ಯಂತ್ರವಿದೆ, ಡಿಸ್ಕ್ ಇದೆ, ನೆಟ್ ಇದೆ. ನಮ್ಮ ಜೊತೆ ಅವಳಿಲ್ಲ.

ಹಿರಿಯರಲ್ಲಿ ಕೆಲವರು, ಹಣ ಕಟ್ಟಿ ಆಡುವುದೆಂದರೆ ಜೂಜಲ್ಲವೇ ಎಂದು ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ಇಲ್ಲಿ ಪಣವಿಲ್ಲ. ಗೆದ್ದರೆ ಹಣ ಬರುವುದೂ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿದೆ, ಪಣವಲ್ಲದ ಚಂದಾ ಪಡೆಯುವ ಆಟಗಳನ್ನು ಬೇರೆಯಾಗಿಯೇ ಇಟ್ಟಿದೆ. ಚಂದಾ ಜೂಜಲ್ಲ. ಅದು ದುಂದು ಆಗುತ್ತದೆಯೇ ಎಂಬುದು ಮಾತ್ರ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ದುಂದು ಆಗದಂತೆ ಮಾಡುವುದು ನಮ್ಮ ಕೈಯಲ್ಲಿದೆ. ವರ್ಷದ ಚಂದಾ ಅಗ್ಗ ಅನ್ನಿಸಿದರೂ ವಿದ್ಯಾರ್ಥಿಗಳಿಗೆ ರಜೆಯ ಒಂದು ತಿಂಗಳದ್ದೇ ಸಾಕು. ಪ್ಲೇಸ್ಟೇಷನ್‌ನಲ್ಲಿ ಕನ್ಸೋಲ್ ಹಂಚಿಕೆ ಎಂಬ ಸೌಲಭ್ಯವಿದೆ; ಒಬ್ಬರ ಚಂದಾ ಇದ್ದರೆ ಅದೇ ಯಂತ್ರದಲ್ಲಿ ಮನೆಯ ಉಳಿದವರೂ ತಮ್ಮ ಖಾತೆಯಿಂದ ಆನ್‌ಲೈನ್ ಆಡಬಹುದು. ಅಣ್ಣನಿಗೊಂದು ತಂಗಿಗೊಂದು ಕಟ್ಟಬೇಡಿ. ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಕೊಂಡ ದಿನವೇ ಆಫ್ ಮಾಡಿ. ಅಬ್ಬಾ ಅವರ ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿನ ಮೆಸೇಜ್ ನೋಡುತ್ತಿರಿ. ಹೀಗೆ ಪದೇ ಪದೇ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲೇ ಸೂಚನೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಕಂಪನಿಗಳು ಕೇಳುವುದಿಲ್ಲ ಎಂದು ಸುಮ್ಮನಿರುವುದೂ ಬೇಡ. 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಚಂದಾ ಏರಿಸುವುದಾಗಿ ಹೇಳಿತು. ಆಟಗಾರರು ಒಟ್ಟಾಗಿ ಸಿಟ್ಟಾದರು. ಒಂದು ದಿನದೊಳಗೆ ಏರಿಕೆ ವಾಪಸಾಯಿತು. ಅಷ್ಟೇ ಅಲ್ಲ, ಉಚಿತ ಆಟಗಳಿಗೆ ಚಂದಾ ಬೇಕೆಂಬ ನಿಯಮವನ್ನೂ ಅದೇ ವರ್ಷ ತೆಗೆದರು.

ನಮ್ಮ ದೇಶದಲ್ಲಿ ಮೊಬೈಲ್ ಡೇಟಾ ಒಂದು ದಿನದ ಲೆಕ್ಕದಲ್ಲೂ ಸಿಗುತ್ತದೆ, ಶಾಂಪೂ ಒಂದು ಸ್ಯಾಶೆಯಲ್ಲೂ ಸಿಗುತ್ತದೆ. ಆನ್‌ಲೈನ್ ಆಟವೂ ಭಾನುವಾರದ ಒಂದು ದಿನಕ್ಕೆ ಸಿಗಲಿ. ಆಗ ಗೌರಿಬಿದನೂರಿನ ನಮ್ಮ ಗೆಳತಿಯೂ ತನ್ನ ಈದಿಯಿಂದಲೇ ಕಟ್ಟಿ ಬರಬಲ್ಲಳು.