ಕಾರಿನ ಹಿಂಬದಿಯಲ್ಲಿ ಟರ್ಬೊ

ಒಲೆಯ ಮುಂದೆ ಕುಳಿತು ಊದುಗೊಳವೆ ಹಿಡಿದವರೆಲ್ಲರಿಗೂ ಬೆಂಕಿಗೂ ಗಾಳಿಗೂ ಇರುವ ನಂಟು ತಿಳಿದದ್ದೇ. ಮೋಟಾರು ಕಾರಿನ ಎಂಜಿನ್ನಿಗೂ ಈ ನಿಯಮ ತಪ್ಪಿದ್ದಲ್ಲ. ಅದರ ಸಿಲಿಂಡರಿನೊಳಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಿದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಅಷ್ಟೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಅಶ್ವಶಕ್ತಿಯನ್ನು ಪಡೆಯಬಹುದು. ಗಾಳಿಯೂದುವ ಈ ಕೆಲಸವನ್ನು ಎಂಜಿನ್ನು ಹೊರಗೆಸೆಯುವ ಹೊಗೆಯಿಂದಲೇ ಏಕೆ ಮಾಡಿಸಬಾರದೆಂದು ಯೋಚಿಸಿ, ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಕೋರಿದನು. ಅದೇ ಇಂದಿನ ಟರ್ಬೊ. ಒಂದೇ ದಂಡಕ್ಕೆ ಎರಡು ಚಕ್ರಗಳು. ಒಂದನ್ನು ಹೊಗೆ ತಿರುಗಿಸುತ್ತದೆ. ಅದರೊಡನೆ ತಿರುಗುವ ಇನ್ನೊಂದು, ಹೊರಗಿನ ಗಾಳಿಯನ್ನು ಸೆಳೆದು ಎಂಜಿನ್ನಿನೊಳಕ್ಕೆ ಒತ್ತುತ್ತದೆ. ಅವು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದುಂಟು.

ಟರ್ಬೊಗೆ ಸಹಜವಾದ ಸ್ಥಾನ ಎಂಜಿನ್ನಿನ ಮಗ್ಗುಲು. ಹೊಗೆಯ ಬಿಸಿಯೂ ರಭಸವೂ ಅಲ್ಲಿಯೇ ಹೆಚ್ಚು. ಆದರೆ ಟರ್ಬೊ ಇಲ್ಲದೆ ಕಾರ್ಖಾನೆಯಿಂದ ಬಂದ ಕಾರಿಗೆ ಅನಂತರ ಅದನ್ನು ಜೋಡಿಸಹೊರಟವರಿಗೆ ಬಾನೆಟ್ಟಿನ ಕೆಳಗೆ ಜಾಗ ದೊರೆಯುವುದೇ ಕಷ್ಟ. ದೊರೆತರೂ, ಕೆಂಪಗೆ ಕಾಯುವ ಆ ಲೋಹ ಸುತ್ತಲಿನ ತಂತಿ, ರಬ್ಬರುಗಳಿಗೆ ಕೇಡು ತರುತ್ತದೆ. ಆದ್ದರಿಂದ ಅಮೆರಿಕದ ಕೆಲವು ಕಾರುಪ್ರಿಯರು ಟರ್ಬೊವನ್ನು ಹಿಂಬದಿಗೆ, ಸೈಲೆನ್ಸರು ಇದ್ದ ಸ್ಥಳಕ್ಕೆ ಸಾಗಿಸಿದರು. ಹೊಗೆ ಅಲ್ಲಿಯವರೆಗೆ ಹರಿದು ಚಕ್ರವನ್ನು ತಿರುಗಿಸುತ್ತದೆ; ಒತ್ತಿದ ಗಾಳಿ ಇನ್ನೊಂದು ಕೊಳವೆಯಲ್ಲಿ ಕಾರಿನ ಅಡಿಯಿಂದ ಮುಂದಕ್ಕೆ ಬರುತ್ತದೆ.

ಇದು ಹುಚ್ಚು ಸಾಹಸವೆಂದು ತೋರಬಹುದು. ಆದರೆ ಇದಕ್ಕೆ ಗೌರವಾನ್ವಿತ ಪೂರ್ವಜರಿದ್ದಾರೆ. 1941ರಲ್ಲಿ ಮೊದಲು ಹಾರಿದ ಅಮೆರಿಕದ ಪಿ-47 ಥಂಡರ್‌ಬೋಲ್ಟ್ ಯುದ್ಧವಿಮಾನದ ಎಂಜಿನ್ನು ಮೂತಿಯಲ್ಲಿದ್ದರೆ, ಟರ್ಬೊ ಇದ್ದದ್ದು ಚಾಲಕನ ಬೆನ್ನಹಿಂದೆ, ಬಾಲದ ಕಡೆಗೆ. ಹೊಗೆಯೂ ಗಾಳಿಯೂ ವಿಮಾನದ ಹೊಟ್ಟೆಯೊಳಗಿನ ಉದ್ದನೆಯ ಕೊಳವೆಗಳಲ್ಲಿ ಹೋಗಿಬರುತ್ತಿದ್ದವು. 30,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಅಲ್ಲಿಯೂ ಆ ವಿಮಾನ ಬಲಗುಂದದೆ ಹೋರಾಡಿತು. ಅಂಥ ವಿಮಾನಗಳನ್ನು 15,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ನಿರ್ಮಿಸಿದರು.

ಹಾಗಾದರೆ ದೂರದಿಂದ ನಷ್ಟವಿಲ್ಲವೆ? ಉಂಟು, ಜೊತೆಗೆ ಲಾಭವೂ ಉಂಟು. ಮಾರುದ್ದ ಸಾಗಿಬರುವ ಹೊಗೆ ತಣಿದು ಕುಗ್ಗುತ್ತದೆ; ಅದರ ಬಲವೂ ಕುಗ್ಗುತ್ತದೆ. ಇದಕ್ಕೆ ಪರಿಹಾರವಾಗಿ ಹೊಗೆಯ ದಾರಿ ಕಿರಿದಾಗಿರುವ ಟರ್ಬೊವನ್ನು ಆರಿಸಬೇಕು. ಇತ್ತ ಒತ್ತಡದಿಂದ ಬಿಸಿಯಾದ ಗಾಳಿ ಮುಂದಕ್ಕೆ ಬರುವ ದಾರಿಯಲ್ಲಿ ತಾನಾಗಿಯೇ ಕೊಂಚ ತಣಿಯುತ್ತದೆ. ತಣ್ಣನೆಯ ಗಾಳಿ ಎಂಜಿನ್ನಿಗೆ ಹಿತ. ಆದರೆ ಅಷ್ಟುದ್ದದ ಕೊಳವೆ ತುಂಬುವ ತನಕ ಚಾಲಕನು ಕಾಯಬೇಕು. ಆಕ್ಸಿಲರೇಟರು ಒತ್ತಿದೊಡನೆ ಬಲ ಬಾರದು.

ಎಲ್ಲಕ್ಕಿಂತ ದೊಡ್ಡ ತೊಡಕು ಎಣ್ಣೆಯದು. ಟರ್ಬೊದ ದಂಡ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುತ್ತದೆ. ಎಂಜಿನ್ನಿನ ಮಗ್ಗುಲಲ್ಲಿದ್ದಾಗ ಆ ಎಣ್ಣೆ ತಾನಾಗಿಯೇ ಇಳಿದು ಎಣ್ಣೆಯ ತೊಟ್ಟಿಯನ್ನು ಸೇರುತ್ತದೆ. ಹಿಂಬದಿಯಲ್ಲಾದರೋ ಟರ್ಬೊ ನೆಲಕ್ಕೆ ಸಮೀಪ. ಎಣ್ಣೆ ಮೇಲಕ್ಕೆ ಹರಿಯಲಾರದು. ಅದನ್ನು ಹಿಂದಿರುಗಿಸಲು ಪ್ರತ್ಯೇಕವಾದ ವಿದ್ಯುತ್ ಪಂಪು ಬೇಕು. ಪಂಪು ನಿಂತರೆ ಎಣ್ಣೆ ಟರ್ಬೊದಲ್ಲೇ ತುಂಬಿ ಸೋರಿ ಹೊಗೆಯಾಗುತ್ತದೆ. ಎಂಜಿನ್ನಿನ ತೊಟ್ಟಿ ಬರಿದಾಗುತ್ತ ಹೋಗುತ್ತದೆ. ಚಾಲಕನು ಕನ್ನಡಿಯಲ್ಲಿ ಹೊಗೆಯನ್ನು ಗಮನಿಸದೆ ಓಡಿಸುತ್ತ ಹೋದನೆಂದರೆ ಎಂಜಿನ್ನೇ ಹಾಳು. ಇದರೊಡನೆ ರಸ್ತೆಯ ಧೂಳು, ಮಳೆಗಾಲದ ಕೆಸರುನೀರು. ಗಾಳಿ ಸೋಸುವ ಜಾಲರಿ ಕೆಳಗಿದ್ದರೆ ಅವೆರಡಕ್ಕೂ ಬಾಗಿಲು ತೆರೆದಂತೆ.

ಇನ್ನೊಂದು ಮಾತು. ಟರ್ಬೊ ಎಲ್ಲಿಯೇ ಇರಲಿ, ಹೆಚ್ಚಿದ ಒತ್ತಡವನ್ನು ತಾಳುವ ಶಕ್ತಿ ಎಂಜಿನ್ನಿಗೆ ಇರಬೇಕು. ಸಾರ್ವಜನಿಕರಿಗೆ ಮಾರಿದ ಮೊದಲ ಟರ್ಬೊ ಕಾರುಗಳಲ್ಲೊಂದಾದ 1962ರ ಆಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಇದಕ್ಕೆ ಸಾಕ್ಷಿ. ಪೆಟ್ರೋಲು ಅಕಾಲದಲ್ಲಿ ಸಿಡಿದು ಎಂಜಿನ್ನು ಕೆಡದಂತೆ ಅದಕ್ಕೆ ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಉಣಿಸಬೇಕಿತ್ತು. ಅದನ್ನು ತುಂಬಿಸುವ ಹೊಣೆ ಕಾರಿನ ಮಾಲೀಕನದು. ತುಂಬಿಸಲು ಮರೆತರೆ ಟರ್ಬೊದ ಬಲವೇ ಇಲ್ಲ. 1963ರಲ್ಲಿ ಅದರ ತಯಾರಿಕೆ ನಿಂತುಹೋಯಿತು.

ಥಂಡರ್‌ಬೋಲ್ಟ್ ಯಶಸ್ವಿಯಾದುದು ಟರ್ಬೊ ಹಿಂದಿದ್ದುದರಿಂದಲ್ಲ. ಇಡೀ ವಿಮಾನವನ್ನು ಆ ಕೊಳವೆಗಳ ಸುತ್ತಲೇ ಯೋಚಿಸಿ ಕಟ್ಟಿದ್ದರಿಂದ, ಪ್ರತಿ ಹಾರಾಟದ ಮುನ್ನ ನುರಿತ ಕೈಗಳು ಅದನ್ನು ಪರೀಕ್ಷಿಸುತ್ತಿದ್ದುದರಿಂದ. ಕಾರಿಗೆ ಟರ್ಬೊ ಕಟ್ಟುವವನು ಅಶ್ವಶಕ್ತಿಯ ಲೆಕ್ಕಕ್ಕೆ ಮೊದಲು ಆ ಪುಟ್ಟ ಎಣ್ಣೆಯ ಪಂಪಿನ ಲೆಕ್ಕವನ್ನು ಹಾಕುವುದು ಮೇಲು.