ಬಟ್ಟಲು ಕೇಕಿನ ಮೇಲೆ ಸಕ್ಕರೆ ಗಿಣಿ

ಪ್ರೀತಿಯ ಪುಟಾಣಿಗಳೇ, ಪುಟಾಣಿಗಳ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕುಳಿತಿರುವ ಅಜ್ಜ ಅಜ್ಜಿಯರೇ,

ಕಳೆದ ತಿಂಗಳು ನಮ್ಮ ಮನೆಯಲ್ಲಿ ಮದುವೆ. ಮದುಮಗಳು ನನ್ನ ದೊಡ್ಡಕ್ಕನ ಮೊಮ್ಮಗಳು. ಈಗಿನ ಮದುವೆ ನಿಮಗೆ ಗೊತ್ತೇ ಇದೆ. ಅಡುಗೆ ಕಂಟ್ರಾಕ್ಟರಿಗೆ, ಹೂವಿಗೆ ಒಬ್ಬರು, ದೀಪಕ್ಕೆ ಒಬ್ಬರು, ಫೋಟೋಗೆ ಮೂವರು. ಮನೆಯವರಿಗೆ ಉಳಿಯುವುದು ಚೆನ್ನಾಗಿ ಉಟ್ಟುಕೊಂಡು ಹೋಗಿ ನಿಲ್ಲುವ ಕೆಲಸ ಒಂದೇ. ಇದು ಸರಿಯಲ್ಲ ಎಂದು ಮೊದಲು ತಕರಾರು ತೆಗೆದವಳು ಆರನೇ ತರಗತಿಯ ನನ್ನ ಮೊಮ್ಮಗಳು ಪುಟ್ಟಿ.

"ಅಜ್ಜಿ, ಅಕ್ಕನ ಮದುವೆಗೆ ನಾವು ಕೈಯಾರೆ ಏನೂ ಮಾಡೋದೇ ಇಲ್ವಾ? ಚಪ್ಪರದ ದಿನ ಮನೆಗೆ ಬರ್ತಾರಲ್ಲ, ಅವರಿಗೆ ಕಪ್‌ಕೇಕ್ ಮಾಡೋಣ."

ಎರಡನೇ ತರಗತಿಯ ಅವಳ ತಮ್ಮ, ತಿನ್ನುವ ವಿಭಾಗವನ್ನು ತಾನು ನೋಡಿಕೊಳ್ಳುತ್ತೇನೆ ಎಂದ. ಬರುವವರನ್ನು ಎಣಿಸಿದೆವು. 60 ಜನ, 60 ಕೇಕ್.

ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ದೊಡ್ಡಕ್ಕ ಕಿಟಕಿಯ ಪಕ್ಕ ಕುಳಿತಿದ್ದಳು. ಅವಳಿಗೆ ಈಗ 82. ಒಂದು ಕಾಲದಲ್ಲಿ ನಮ್ಮ ಬಳಗದ ಯಾವ ಮದುವೆಯೂ ಅವಳ ಕೈಕೆಲಸವಿಲ್ಲದೆ ಮುಗಿಯುತ್ತಿರಲಿಲ್ಲ. ಒಣಕೊಬ್ಬರಿ ಬಟ್ಟಲಿನ ಮೇಲೆ ಸಣ್ಣ ಚಾಕುವಿನಲ್ಲಿ ಹೂಬಳ್ಳಿ ಕೊರೆಯುತ್ತಿದ್ದಳು. ಸಂಕ್ರಾಂತಿಗೆ ಮನೆಮನೆಯಲ್ಲಿ ಮಾಡುವ ಸಕ್ಕರೆ ಅಚ್ಚನ್ನು ಅವಳು ಮದುವೆಗಳಿಗೂ ಮಾಡಿ, ಹೆಣ್ಣಿನ ಕಡೆಯ ತಟ್ಟೆಗಳಲ್ಲಿ ಗಿಣಿ, ಆನೆ, ಕಳಶಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಈಗ ಕೈ ನಡುಗುತ್ತದೆ. ಕಾಫಿ ಲೋಟವನ್ನು ನಾವು ಅರ್ಧವೇ ತುಂಬಿಸಿ ಕೊಡುತ್ತೇವೆ. ಅವಳಿಗೆ ಅದು ಗೊತ್ತು. ಏನೂ ಹೇಳುವುದಿಲ್ಲ.

"ದೊಡ್ಡಜ್ಜಿ, ನೀವೂ ಬನ್ನಿ" ಎಂದು ಪುಟ್ಟಿ ಕರೆದಳು.

"ನಿಮ್ಮ ಕೇಕು ನಿಮಗೆ ಕಣಮ್ಮ. ಅದರಲ್ಲಿ ಮೊಟ್ಟೆ ಇರುತ್ತೆ. ನನ್ನ ಕೈಗೆ ಇನ್ನೇನು ಕೆಲಸ?" ಎಂದು ದೊಡ್ಡಕ್ಕ ಕಿಟಕಿಯ ಕಡೆಗೆ ತಿರುಗಿದಳು.

ಮೊಟ್ಟೆಯ ಮಾತು ಬಂದದ್ದರಿಂದ ಒಂದು ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದರು. ಅವರ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ, ಹಿಟ್ಟು ಹುದುಗಿಸುವ ಯೀಸ್ಟ್ ಕೂಡ ಒಗ್ಗುತ್ತಿರಲಿಲ್ಲ. ಹೆಂಡತಿಯೂ ತಿನ್ನುವಂತಾಗಲಿ ಎಂದು ಬರ್ಡ್ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದರು. 1843ರಲ್ಲಿ ಯೀಸ್ಟ್ ಇಲ್ಲದೆ ಹಿಟ್ಟು ಉಬ್ಬಿಸುವ ಬೇಕಿಂಗ್ ಪೌಡರ್ ಮಾಡಿದರು. ಮನೆಯ ಒಬ್ಬರು ಪಂಕ್ತಿಯಿಂದ ಹೊರಗುಳಿಯಬಾರದು ಎಂದು ಹುಟ್ಟಿದ ಪುಡಿ ಇಂದು ಲೋಕದ ಎಷ್ಟೋ ಅಡುಗೆಮನೆಗಳಲ್ಲಿ ಇದೆ.

ಇನ್ನು ಕಪ್‌ಕೇಕ್ ಎಂಬ ಹೆಸರು. 1796ರಲ್ಲಿ ಅಮೆರಿಕದ ಅಮೀಲಿಯಾ ಸಿಮನ್ಸ್ ಎಂಬಾಕೆ ಬರೆದ ಅಡುಗೆ ಪುಸ್ತಕದಲ್ಲಿ ಸಣ್ಣ ಕಪ್ಪುಗಳಲ್ಲಿ ಬೇಯಿಸುವ ಹಗುರವಾದ ಕೇಕೊಂದಿದೆ. 1828ರಲ್ಲಿ ಎಲಿಜಾ ಲೆಸ್ಲಿ ಎಂಬ ಲೇಖಕಿಯ ಪುಸ್ತಕದಲ್ಲಿ 'ಕಪ್ ಕೇಕ್' ಎಂಬ ಹೆಸರೇ ಬಂದಿದೆ. ಕಪ್ಪಿನಲ್ಲಿ ಬೇಯಿಸಿದ್ದಕ್ಕೂ ಆ ಹೆಸರು, ತಕ್ಕಡಿ ಬಿಟ್ಟು ಕಪ್ಪಿನಲ್ಲಿ ಅಳೆದು ಮಾಡಿದ್ದಕ್ಕೂ ಆ ಹೆಸರು. ನಮ್ಮ ಅಜ್ಜಿಯರು ಪಾವು, ಸೇರು ಅಳೆದ ಹಾಗೆ! ಪುಟ್ಟಿ ಅದಕ್ಕೆ 'ಬಟ್ಟಲು ಕೇಕ್' ಎಂದು ಹೆಸರಿಟ್ಟಳು.

ಮದುವೆಗೆ ಇದು ಯಾಕೆ ಅನುಕೂಲ ಗೊತ್ತೇ? ದೊಡ್ಡ ಕೇಕಾದರೆ ಒಬ್ಬರು ಕತ್ತರಿಸುತ್ತಾ ನಿಲ್ಲಬೇಕು. ಹೂವಿರುವ ತುಂಡು ನನಗೆ, ನಿನಗೆ ಎಂದು ಮಕ್ಕಳ ಜಗಳ ಬೇರೆ. ಬಟ್ಟಲು ಕೇಕಾದರೆ ಪ್ರತಿಯೊಬ್ಬರಿಗೂ ಇಡಿಯಾಗಿ ಒಂದು.

ಈಗ ನಾವು ಮಾಡಿದ ಬಗೆ. ಇದು 12 ಕೇಕಿನ ಅಳತೆ.

ಬೇಕಾದದ್ದು: ಮೈದಾ ಒಂದೂವರೆ ಕಪ್, ಪುಡಿ ಮಾಡಿದ ಸಕ್ಕರೆ ಮುಕ್ಕಾಲು ಕಪ್, ಗಟ್ಟಿ ಮೊಸರು 1 ಕಪ್, ವಾಸನೆಯಿಲ್ಲದ ಅಡುಗೆ ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡ ಅರ್ಧ ಟೀ ಚಮಚ, ಏಲಕ್ಕಿ ಪುಡಿ ಅರ್ಧ ಟೀ ಚಮಚ, ಚಿಟಿಕೆ ಉಪ್ಪು.

ಮಾಡುವುದು: ಒಲೆಯ ಕೆಲಸವೆಲ್ಲ ದೊಡ್ಡವರದು, ಕಲಸುವುದು ಮಕ್ಕಳದು. ಮೊದಲು ಓವನ್ನನ್ನು 180 ಡಿಗ್ರಿಗೆ ಕಾಯಲು ಇಡಿ. ಬಟ್ಟಲುಗಳಲ್ಲಿ ಕಾಗದದ ಕಪ್ ಇಟ್ಟುಕೊಳ್ಳಿ. ಕಾಗದದ ಕಪ್ ಇಲ್ಲವೇ? ಪಾಯಸ ಹಾಕುವ ಪುಟ್ಟ ಸ್ಟೀಲ್ ಬಟ್ಟಲಿಗೆ ತುಪ್ಪ ಸವರಿ, ಮೈದಾ ಉದುರಿಸಿದರೆ ಸಾಕು. ಮೊಸರು, ಸಕ್ಕರೆ ಚೆನ್ನಾಗಿ ಕಲಸಿ, ಸೋಡ ಮತ್ತು ಬೇಕಿಂಗ್ ಪೌಡರ್ ಸೇರಿಸಿ ಐದು ನಿಮಿಷ ಬಿಡಿ. ಮೊಸರು ನೊರೆನೊರೆಯಾಗಿ ಏಳುತ್ತದೆ. ಮೊಸರಿನ ಹುಳಿಯೂ ಸೋಡವೂ ಸೇರಿದಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡ್ ಅದು. ಕೇಕನ್ನು ಉಬ್ಬಿಸುವುದು ಆ ಗುಳ್ಳೆಗಳೇ. ಆಮೇಲೆ ಎಣ್ಣೆ, ಏಲಕ್ಕಿ ಹಾಕಿ. ಮೈದಾ ಮತ್ತು ಉಪ್ಪನ್ನು ಜರಡಿ ಹಿಡಿದು ಮೂರು ಸಲಕ್ಕೆ ಸೇರಿಸಿ. ಮೈದಾ ಬಿದ್ದ ಮೇಲೆ ಹೆಚ್ಚು ತಿರುವಬೇಡಿ, ಚಪಾತಿ ಹಿಟ್ಟಿನಂತೆ ಜಿಗುಟು ಬಂದು ಕೇಕ್ ಗಟ್ಟಿಯಾಗುತ್ತದೆ. ಬಟ್ಟಲಿನ ಮುಕ್ಕಾಲು ಭಾಗಕ್ಕಿಂತ ಕಡಿಮೆ ತುಂಬಿಸಿ, 18ರಿಂದ 22 ನಿಮಿಷ ಬೇಯಿಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು.

ಬರೆಯುವುದು ಸುಲಭ. ನಮಗೇನಾಯಿತು ಕೇಳಿ.

ಚಪ್ಪರಕ್ಕೆ ಆರು ದಿನ ಮೊದಲು, ಭಾನುವಾರ, ಒಂದು ತಾಲೀಮು ಇಟ್ಟುಕೊಂಡೆವು. ನಮ್ಮ ಓವನ್ನಿನಲ್ಲಿ ಹಿಡಿಯುವುದು 12 ಬಟ್ಟಲು. ನಾನು ಹುರುಪಿನಲ್ಲಿ 36ಕ್ಕೆ ಆಗುವಷ್ಟು ಹಿಟ್ಟು ಒಟ್ಟಿಗೇ ಕಲಸಿಬಿಟ್ಟೆ. ಮೊದಲ ಹನ್ನೆರಡು ಚೆಂಡುಹೂವಿನಂತೆ ಅರಳಿ ಬಂದವು. ಆಮೇಲೆ ಕರೆಂಟು ಹೋಯಿತು. ಬಂದದ್ದು ಮುಕ್ಕಾಲು ಗಂಟೆಯ ನಂತರ. ಉಳಿದ ಹಿಟ್ಟನ್ನು ಬೇಯಿಸಿದರೆ 24 ಕೇಕುಗಳೂ ತಟ್ಟೆ ಇಡ್ಲಿಯ ಹಾಗೆ ಚಪ್ಪಟೆ! ಕಾದು ಕುಳಿತ ಹಿಟ್ಟಿನಿಂದ ಗುಳ್ಳೆಗಳೆಲ್ಲ ಹಾರಿಹೋಗಿದ್ದವು. ತಪ್ಪು ನನ್ನದೇ. ಓವನ್ ಹಿಡಿಯುವಷ್ಟನ್ನೇ ಕಲಸಬೇಕಿತ್ತು.

ಪುಟ್ಟಿಯ ಕಣ್ಣಲ್ಲಿ ನೀರು. "ಎಲ್ಲ ಹಾಳಾಯ್ತು. ಬೇಕರಿಯಿಂದಲೇ ತರೋಣ ಬಿಡಿ."

ಕಿಟಕಿಯ ಕಡೆಯಿಂದ ದನಿ ಬಂತು. "ಹಾಳಾಯ್ತು ಅಂತ ಯಾಕೆ ಅಳ್ತೀಯೆ? ಗಿಣಿಯ ಬಾಲ ಮುರಿದರೆ ನಾವು ಮತ್ತೆ ಪಾಕಕ್ಕೆ ಹಾಕ್ತಿದ್ದೆವು. ಅದನ್ನು ಪುಡಿ ಮಾಡಿ ಉಂಡೆ ಕಟ್ಟು."

ಹಾಗೇ ಮಾಡಿದೆವು. ಚಪ್ಪಟೆ ಕೇಕುಗಳನ್ನು ಪುಡಿ ಮಾಡಿ, ಸ್ವಲ್ಪವೇ ಹಾಲು ಚಿಮುಕಿಸಿ ಉಂಡೆ ಕಟ್ಟಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿದೆವು. ತಿನ್ನುವ ವಿಭಾಗದವನು ಐದು ತಿಂದು ತೀರ್ಪು ಕೊಟ್ಟ: "ಇದೇ ಚೆನ್ನಾಗಿದೆ."

ಪುಟ್ಟಿ ಕಣ್ಣೊರೆಸಿಕೊಂಡು ಕೇಳಿದಳು, "ದೊಡ್ಡಜ್ಜಿ, ಯಾವ ಗಿಣಿ?"

"ಸಕ್ಕರೆ ಅಚ್ಚಿನದು. ಅಟ್ಟದ ಮೇಲೆ ಇತ್ತು. ಈಗ ಇದೆಯೋ ಇಲ್ಲವೋ."

ದೊಡ್ಡಕ್ಕನ ಸೊಸೆ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಗೋಣಿಚೀಲ ತಂದಳು. ಮದುವೆಗೆಂದು ಮನೆ ಸ್ವಚ್ಛ ಮಾಡುವಾಗ ಹಳೇ ಸಾಮಾನಿನವನಿಗೆ ಕೊಡಲು ಕಟ್ಟಿಟ್ಟಿದ್ದ ಚೀಲ. ಮರುದಿನ ಬೆಳಿಗ್ಗೆ ಅವನು ಬರುವವನಿದ್ದ.

"ಅತ್ತೆ, ನೀವು ಇದನ್ನು ಇನ್ನು ಕೇಳೋದಿಲ್ಲ ಅಂದುಕೊಂಡಿದ್ದೆ."

"ನಾನೂ ಹಾಗೇ ಅಂದುಕೊಂಡಿದ್ದೆ ಬಿಡು" ಎಂದಳು ದೊಡ್ಡಕ್ಕ.

ಚೀಲದಲ್ಲಿ ಸವೆದು ನುಣುಪಾದ ಮರದ ಅಚ್ಚುಗಳಿದ್ದವು. ಬೆರಳುದ್ದದ ಗಿಣಿಯ ಅಚ್ಚುಗಳನ್ನು ಆರಿಸಿ, ತೊಳೆದು, ನೀರಿನಲ್ಲಿ ನೆನೆಹಾಕಿದೆವು. ಒಣ ಅಚ್ಚಿಗೆ ಪಾಕ ಕಚ್ಚಿಕೊಳ್ಳುತ್ತದೆ. ನೆನೆದ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದೆವು. ಸಕ್ಕರೆ ಮುಳುಗುವಷ್ಟು ನೀರಿಟ್ಟು ಕುದಿಸಿ, ಒಂದು ಚಮಚ ಹಾಲು ಹಾಕಿದರೆ ಕೊಳೆ ಮೇಲೆ ತೇಲುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಹಾಕಿ, ಮತ್ತೆ ಕಾಯಿಸಿ, ತಿರುವಿ, ಹದ ನೋಡಿ ಅಚ್ಚಿಗೆ ಸುರಿಯಬೇಕು. ಮಕ್ಕಳೇ, ಸಕ್ಕರೆ ಪಾಕ ಕುದಿಯುವ ನೀರಿಗಿಂತಲೂ ಬಿಸಿ, ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಸುರಿಯುವ ಕೆಲಸ ದೊಡ್ಡವರದೇ. ನೀವು ಎರಡು ಹೆಜ್ಜೆ ದೂರ.

ಸುರಿದವಳು ನಾನು. ಮೊದಲ ಸಲ ಅವಸರ ಮಾಡಿದೆ. ಗಿಣಿ ಗಟ್ಟಿಯಾಗದೆ ಅಚ್ಚಿಗೇ ಅಂಟಿತು. ಎರಡನೇ ಸಲ ತಡ ಮಾಡಿದೆ. ಪಾಕ ಪಾತ್ರೆಯಲ್ಲೇ ಕಲ್ಲಾಯಿತು. ಆಗ ದೊಡ್ಡಕ್ಕ ಎದ್ದು, ಪುಟ್ಟಿಯ ಹೆಗಲು ಹಿಡಿದು, ಒಲೆಯ ಹತ್ತಿರ ಬಂದು ಕುರ್ಚಿ ಹಾಕಿಸಿಕೊಂಡಳು. ಅವಳು ಸೌಟು ಮುಟ್ಟಲಿಲ್ಲ. ಪಾಕವನ್ನೇ ನೋಡುತ್ತಿದ್ದಳು. ದೊಡ್ಡ ಗುಳ್ಳೆಗಳು ಸಣ್ಣವಾಗಿ ದಟ್ಟವಾದವು, ಪಾತ್ರೆಯ ಅಂಚಿನಲ್ಲಿ ಬಿಳಿ ಗೆರೆ ಕಟ್ಟತೊಡಗಿತು.

"ಈಗ" ಎಂದಳು. ಸುರಿದೆ.

ಹತ್ತು ನಿಮಿಷ ಬಿಟ್ಟು ಅಚ್ಚು ಬಿಚ್ಚಿದರೆ ಕೊಕ್ಕು, ಕಣ್ಣು, ರೆಕ್ಕೆಯ ಗೆರೆ ಎಲ್ಲ ಇದ್ದ ಬೆಳ್ಳಗಿನ ಗಿಣಿ. ಪುಟ್ಟಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು.

ನಾಲ್ಕು ಸಂಜೆ ಹೀಗೇ ನಡೆಯಿತು. ನಾನು ಸುರಿಯುವುದು, ಅವಳು "ಈಗ" ಎನ್ನುವುದು. ಪುಟ್ಟಿ ದೂರ ನಿಂತು ಅವಳ ಜೊತೆಗೇ ಹೇಳಲು ಕಲಿತಳು. ಕೊನೆಯ ಸಂಜೆ ಇಬ್ಬರ ಬಾಯಲ್ಲೂ "ಈಗ" ಒಟ್ಟಿಗೇ ಬಂತು. 60 ಗಿಣಿ ಆಗಲಿಲ್ಲ. ಮುರಿದವು ಹೋಗಿ 43 ಉಳಿದವು. ಬಾಕಿ 17 ಕೇಕಿಗೆ ಕುಸುರೆಳ್ಳು ಎಂದು ತೀರ್ಮಾನವಾಯಿತು.

ಚಪ್ಪರದ ಹಿಂದಿನ ದಿನ ಹನ್ನೆರಡರಂತೆ ಐದು ಸಲ ಕಲಸಿ, ಐದು ಸಲ ಬೇಯಿಸಿದೆವು. ಕೇಕು ಪೂರ್ತಿ ಆರಿದ ಮೇಲೆ ಅಲಂಕಾರ. ಬಿಸಿ ಕೇಕಿನ ಮೇಲೆ ಬೆಣ್ಣೆ ಕರಗಿ ಹರಿಯುತ್ತದೆ. ಹನ್ನೆರಡು ಕೇಕಿಗೆ 100 ಗ್ರಾಂ ಉಪ್ಪಿಲ್ಲದ ಬೆಣ್ಣೆ, 200 ಗ್ರಾಂ ಐಸಿಂಗ್ ಸಕ್ಕರೆ, ಒಂದೆರಡು ಚಮಚ ಹಾಲು ಸೇರಿಸಿ ಹಗುರಾಗುವ ತನಕ ಕಡೆದೆವು. ಹಾಲಿನಲ್ಲಿ ನೆನೆಸಿದ ಕೇಸರಿಯಿಂದ ಹಳದಿ, ನಾಲ್ಕು ಹನಿ ಬೀಟ್‌ರೂಟ್ ರಸದಿಂದ ಗುಲಾಬಿ ಬಣ್ಣ ಬಂತು. ಪಿಸ್ತಾ ಪುಡಿ ಉದುರಿಸಿದರೆ ಹಸಿರು. ಬೆಣ್ಣೆ ಕಾಗದವನ್ನು ಮದರಂಗಿ ಕೋನಿನ ಹಾಗೆ ಸುತ್ತಿ, ತುದಿ ಕತ್ತರಿಸಿದರೆ ಎಳೆ ಬಿಡುವ ಸಾಧನ ಸಿದ್ಧ. ಸಕ್ಕರೆ ಗಿಣಿಯನ್ನು ಮಾತ್ರ ಬಡಿಸುವ ಹೊತ್ತಿಗೇ ಇಡಬೇಕು. ಹಿಂದಿನ ದಿನವೇ ಇಟ್ಟರೆ ತೇವ ಹೀರಿ ಅಂಟಂಟಾಗುತ್ತದೆ.

ಜೋಡಿಸುವುದು ಎಲ್ಲಿ? ದಸರೆಗೆ ಗೊಂಬೆ ಕೂರಿಸುವ ಮೆಟ್ಟಿಲು ನೆನಪಾಯಿತು. ಅದಕ್ಕೆ ಬಿಳಿ ಪಂಚೆ ಹಾಸಿ, ಮೆಟ್ಟಿಲಿಗೊಂದು ಬಣ್ಣದಂತೆ ಕೇಕುಗಳನ್ನು ಕೂರಿಸಿದೆವು. ಬಂದವರು ತಿನ್ನುವ ಮೊದಲು ಅಚ್ಚುಗಳ ವಿಚಾರ ಕೇಳಿದರು. ಯಾರು ಮಾಡಿದ್ದು ಎಂದು ಕೇಳಿದವರಿಗೆಲ್ಲ ಪುಟ್ಟಿ ದೊಡ್ಡಕ್ಕನ ಕುರ್ಚಿ ತೋರಿಸಿದಳು. ಮುಪ್ಪಾದ ಹೆಂಗಸರಿಬ್ಬರು ಅಲ್ಲೇ ಕುಳಿತು, ತಮ್ಮ ಮನೆಯ ಅಚ್ಚುಗಳು ಎಲ್ಲಿ ಹೋದವು ಎಂದು ಲೆಕ್ಕ ಹಾಕತೊಡಗಿದರು.

ಮದುಮಗಳು ಬಂದು ಬಾಲ ಮುರಿದ ಗಿಣಿಯಿದ್ದ ಒಂದೇ ಒಂದು ಕೇಕನ್ನು ಎತ್ತಿಕೊಂಡಳು. ಅದು ಹೇಗೋ ತಪ್ಪಿಸಿಕೊಂಡು ಬಂದಿತ್ತು. "ಇದು ನನಗಿರಲಿ, ಪಾಕಕ್ಕೆ ಹಾಕಬೇಡಿ" ಎಂದಳು. ದೊಡ್ಡಕ್ಕ ಚಮಚದಲ್ಲಿ ಅರ್ಧ ಕೇಕ್ ತಿಂದು, "ಸಿಹಿ ಸ್ವಲ್ಪ ಜಾಸ್ತಿ. ಆದರೆ ಮೆತ್ತಗಿದೆ" ಎಂದಳು. ಸಕ್ಕರೆ ಕಾಯಿಲೆಯ ಅಜ್ಜಂದಿರೇ, ಅವಳ ಮಾತು ನೆನಪಿರಲಿ: ಮೇಲಿನ ಬೆಣ್ಣೆ ಮೊಮ್ಮಕ್ಕಳಿಗೆ, ನಿಮಗೆ ಕೆಳಗಿನ ಚೂರು.

ಮದುವೆ ಮುಗಿದ ಮೇಲೆ ಅಚ್ಚುಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಹತ್ತಿಬಟ್ಟೆಯ ಚೀಲದಲ್ಲಿಟ್ಟೆವು. ಚೀಲದ ಮೇಲೆ ಪುಟ್ಟಿ ದೊಡ್ಡ ಅಕ್ಷರದಲ್ಲಿ ಬರೆದಿದ್ದಾಳೆ: 'ಯಾರಿಗೂ ಕೊಡಬಾರದು. ಸಂಕ್ರಾಂತಿಗೆ ಬೇಕು.'

ಮದುವೆಯೇ ಆಗಬೇಕೆಂದಿಲ್ಲ ಮಕ್ಕಳೇ. ಅಜ್ಜನ ಅರವತ್ತರ ಶಾಂತಿಗೋ, ತಂಗಿಯ ಹುಟ್ಟುಹಬ್ಬಕ್ಕೋ ಮಾಡಿ. ನವೆಂಬರ್ 1ಕ್ಕೆ ಕೇಸರಿಯ ಹಳದಿ, ಬೀಟ್‌ರೂಟಿನ ಕೆಂಪು ಬಳಸಿದರೆ ಶಾಲೆಯ ರಾಜ್ಯೋತ್ಸವಕ್ಕೂ ಆಯಿತು. ಆದರೆ ಹಿಟ್ಟು ಕಲಸುವ ಮೊದಲು ಈ ವಾರ ಒಂದು ಕೆಲಸ ಇದೆ. ಮನೆಯ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ: "ನಮ್ಮ ಅಟ್ಟದ ಮೇಲೆ ಏನಿದೆ? ಅದರಲ್ಲಿ ನೀವು ಏನು ಮಾಡುತ್ತಿದ್ದಿರಿ?" ಉತ್ತರ ಉದ್ದವಾಗಬಹುದು. ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿ.

ಮುಂದಿನ ವಾರ ಮತ್ತೆ ಸಿಗೋಣ.